ದುಡ್ಡು ಕಟ್ಟಿದ ಅಂಗಡಿ ದಿವಾಳಿಯಾಯ್ತು, ಸಾಮಾನು ಬರಲೇ ಇಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷಗಳ ಹಿಂದೆ ನಾನು ಒಂದು ಮರದ ಮಂಚಕ್ಕೆ ದುಡ್ಡು ಕಟ್ಟಿ ಕಾಯುತ್ತಿದ್ದೆ. ಅಂಗಡಿ ಮುಚ್ಚಿತು, ಮಂಚ ಬರಲಿಲ್ಲ. ಅರ್ಧ ದುಡ್ಡು ವಾಪಸ್ ಬಂತು, ಇನ್ನರ್ಧ ಇವತ್ತಿಗೂ ಬಂದಿಲ್ಲ. ಯಾಕೆ ಅರ್ಧ ಮಾತ್ರ ಅಂತ ಕೆಳಗೆ ಹೇಳಿದ್ದೇನೆ. ಆವತ್ತಿನಿಂದ ಇದೇ ಗತಿಯಾದವರು ಫೋನ್ ಮಾಡುತ್ತಾರೆ, ಪತ್ರ ಬರೆಯುತ್ತಾರೆ. ಕೇಳುವ ಪ್ರಶ್ನೆಗಳು ಬಹುತೇಕ ಒಂದೇ. ಅವರು ಕೇಳಿದ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. ಕಾನೂನು ದೇಶದಿಂದ ದೇಶಕ್ಕೆ ಬೇರೆ, ಆದರೆ ಒಳಗಿನ ಲೆಕ್ಕ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ.

## ಮೊದಲ ದಿನದ ಪ್ರಶ್ನೆಗಳು

ಅಂಗಡಿ ದಿವಾಳಿ ಅಂತ ಸುದ್ದಿ ಬಂತು. ನನ್ನ ದುಡ್ಡು ಹೋಯ್ತು ಅಂತಲೇ ಅರ್ಥನಾ?

ಹಾಗೇನಿಲ್ಲ. ದಿವಾಳಿ ಅನ್ನೋ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಸ್ಥಿತಿಗಳಿವೆ. ಒಂದರಲ್ಲಿ ಕಂಪನಿ ಕೋರ್ಟಿನ ರಕ್ಷಣೆ ಪಡೆದು, ಸಾಲವನ್ನು ಹೊಂದಿಸಿಕೊಂಡು, ವ್ಯಾಪಾರ ಮುಂದುವರಿಸಲು ನೋಡುತ್ತದೆ. ಅಮೆರಿಕದಲ್ಲಿ ಚಾಪ್ಟರ್ 11 ಅಂದರೆ ಸಾಮಾನ್ಯವಾಗಿ ಇದೇ. ಇಲ್ಲಿ ಗಿರಾಕಿಗಳ ಆರ್ಡರ್ ಪೂರೈಸಲು ಕೋರ್ಟಿನಿಂದ ಮೊದಲ ದಿನವೇ ಅನುಮತಿ ಕೇಳುವುದುಂಟು, ಯಾಕಂದ್ರೆ ಗಿರಾಕಿಗಳು ಓಡಿಹೋದರೆ ಉಳಿಸಲು ಏನೂ ಇರುವುದಿಲ್ಲ. ಎರಡನೆಯದು ಲಿಕ್ವಿಡೇಶನ್. ಇದ್ದದ್ದನ್ನೆಲ್ಲ ಮಾರಿ, ಬಂದಷ್ಟನ್ನು ಹಂಚಿ, ಬಾಗಿಲು ಹಾಕುವುದು. ಮೊದಲನೆಯದರಲ್ಲಿ ಸಾಮಾನು ಬರುವ ಸಾಧ್ಯತೆ ನಿಜವಾಗಿಯೂ ಇದೆ, ಎರಡನೆಯದರಲ್ಲಿ ಬಹಳ ಕಮ್ಮಿ. ಮೊದಲನೆಯದು ಎರಡನೆಯದಾಗಿ ತಿರುಗುವುದೂ ಅಪರೂಪವಲ್ಲ. ಅದಕ್ಕೇ 'ಆರ್ಡರ್ ಬರುತ್ತೆ, ಕಾಯಿರಿ' ಅನ್ನೋ ಮಾತು ನಂಬಿ, ಕಾರ್ಡ್‌ನಲ್ಲಿ ಕಟ್ಟಿದ ದುಡ್ಡನ್ನು ಬ್ಯಾಂಕಿನ ಮೂಲಕ ವಾಪಸ್ ಕೇಳುವ ಗಡುವು (ಕೆಳಗೆ ಹೇಳಿದ್ದೇನೆ) ಕಳೆದುಕೊಳ್ಳಬೇಡಿ.

ಸಾಮಾನೂ ಇಲ್ಲ, ದುಡ್ಡೂ ಇಲ್ಲ. ಅವರು ವಾಪಸ್ ಕೊಡಲೇಬೇಕಲ್ವಾ?

ಕೊಡಬೇಕು ಅನ್ನೋದರಲ್ಲಿ ಅನುಮಾನವಿಲ್ಲ. ಆದರೆ ಅವರು ಕೊಡಬೇಕಾದವರು ನೀವೊಬ್ಬರೇ ಅಲ್ಲ, ಇರುವ ದುಡ್ಡು ಎಲ್ಲರಿಗೂ ಸಾಕಾಗುವುದಿಲ್ಲ. ಆಗ ಕಾನೂನು ಒಂದು ಸಾಲು ಮಾಡುತ್ತದೆ. ಅಡಮಾನ ಇಟ್ಟುಕೊಂಡು ಸಾಲ ಕೊಟ್ಟ ಬ್ಯಾಂಕುಗಳು, ದಿವಾಳಿ ಪ್ರಕ್ರಿಯೆಯ ಖರ್ಚು, ಕೆಲಸಗಾರರ ಸಂಬಳ, ಹಲವು ಕಡೆ ತೆರಿಗೆ, ಇವೆಲ್ಲ ಮುಂದೆ ನಿಲ್ಲುತ್ತವೆ. ದುಡ್ಡು ಕಟ್ಟಿ ಕಾಯುತ್ತಿರುವ ಗಿರಾಕಿ ಬಹುತೇಕ ದೇಶಗಳಲ್ಲಿ ಸಾಲಿನ ಕೊನೆಯ ಕಡೆ. ಉದಾಹರಣೆಗೆ ಭಾರತದ 2016ರ ದಿವಾಳಿ ಸಂಹಿತೆಯ 53ನೇ ಕಲಂ ನೋಡಿ. ಪ್ರಕ್ರಿಯೆಯ ಖರ್ಚು ಮೊದಲು, ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡಮಾನ ಇರುವ ಸಾಲಗಳು ಒಟ್ಟಿಗೆ, ಆಮೇಲೆ ಉಳಿದ ನೌಕರರ 12 ತಿಂಗಳ ಬಾಕಿ, ಹೀಗೆ ಇಳಿಯುತ್ತಾ ಹೋಗುತ್ತದೆ. ಸಾಮಾನ್ಯ ಗಿರಾಕಿ ಬರುವುದು 'ಉಳಿದ ಸಾಲಗಳು' ಅನ್ನೋ ಮೆಟ್ಟಿಲಿನಲ್ಲಿ.

ಇದು ನ್ಯಾಯ ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಬ್ಯಾಂಕು ಕಂಪನಿಯ ಲೆಕ್ಕಪತ್ರ ತಿರುವಿ ನೋಡಿ ಸಾಲ ಕೊಡುತ್ತದೆ. ನಾವು ಮಂಚದ ಚಿತ್ರ ನೋಡಿ ದುಡ್ಡು ಕಟ್ಟುತ್ತೇವೆ. ಸಾಲ ಕೊಡ್ತಾ ಇದ್ದೀವಿ ಅಂತ ನಮಗೆ ಗೊತ್ತೂ ಇರುವುದಿಲ್ಲ.

ಕೆಲವು ಕಡೆ ಸ್ವಲ್ಪ ಮೇಲಿನ ಜಾಗ ಸಿಗುತ್ತದೆ. ಅಮೆರಿಕದ ದಿವಾಳಿ ಕಾನೂನಿನ 507(ಎ)(7) ಪ್ರಕಾರ, ಮನೆ ಬಳಕೆಗೆ ಅಂತ ಮುಂಗಡ ಕಟ್ಟಿ ಸಾಮಾನು ಸಿಗದವರಿಗೆ ಒಂದು ಮಿತಿಯವರೆಗೆ ಆದ್ಯತೆ ಇದೆ. 2025ರ ಏಪ್ರಿಲ್ 1ರಿಂದ ಆ ಮಿತಿ ತಲಾ 3,800 ಡಾಲರ್. ಭಾರತದಲ್ಲಿ 2018ರ ತಿದ್ದುಪಡಿ ಬಂದಮೇಲೆ ಮನೆಗೆ ಮುಂಗಡ ಕಟ್ಟಿದವರನ್ನು ಬ್ಯಾಂಕಿನ ಹಾಗೆ ಹಣಕಾಸು ಸಾಲ ಕೊಟ್ಟವರು ಅಂತ ಪರಿಗಣಿಸುತ್ತಾರೆ. ಸೋಫಾಗೆ ಮುಂಗಡ ಕಟ್ಟಿದವರಿಗೆ ಆ ಭಾಗ್ಯ ಇಲ್ಲ.

ಈಗಷ್ಟೇ ವಿಷಯ ಗೊತ್ತಾಯ್ತು. ಮೊದಲು ಏನು ಮಾಡ್ಲಿ?

ಸ್ಕ್ರೀನ್‌ಶಾಟ್ ತೆಗೆಯಿರಿ. ಈಗಲೇ, ಫೋನ್ ಮಾಡಿ ಬೈಯೋದಕ್ಕಿಂತ ಮುಂಚೆ. ಆರ್ಡರ್ ಪುಟ, ಬಿಲ್ಲು, ಯಾವತ್ತು ತಲುಪಿಸ್ತೀವಿ ಅಂದಿದ್ದರು ಅನ್ನೋ ಸಾಲು, ಅವರ ಜೊತೆ ಆಡಿದ ಚಾಟ್, ಎಲ್ಲವನ್ನೂ ಉಳಿಸಿಕೊಳ್ಳಿ. ನನ್ನ ಅಂಗಡಿಯ ವೆಬ್‌ಸೈಟ್ ಮೂರನೇ ದಿನಕ್ಕೇ ನಿಂತುಹೋಯ್ತು. 'ನಿಮ್ಮ ಆರ್ಡರ್ ನೋಡಲು ಇಲ್ಲಿ ಒತ್ತಿ' ಅಂತಿದ್ದ ಲಿಂಕ್ ಒತ್ತಿದರೆ ಬರೀ ಬಿಳಿ ಪುಟ. ತಲುಪಿಸುವ ದಿನಾಂಕ ಇದ್ದದ್ದು ಆ ಪುಟದಲ್ಲಿ ಮಾತ್ರ. ಬ್ಯಾಂಕಿನವರು ಮೊದಲು ಕೇಳಿದ್ದೂ ಅದನ್ನೇ! ನನ್ನ ಅದೃಷ್ಟ, ಹಿಂದೊಮ್ಮೆ ಮನೆಯವರಿಗೆ ಮಂಚ ತೋರಿಸಲು ಅಂತ ಕಳಿಸಿದ್ದ ಚಿತ್ರದಲ್ಲಿ ದಿನಾಂಕವೂ ಬಿದ್ದಿತ್ತು.

ಅದಾದ ಮೇಲೆ ಬ್ಯಾಂಕಿಗೆ ಹೇಳಿ. ಅಂಗಡಿಗೆ ಒಂದು ಮೇಲ್ ಹಾಕಿ, 'ಸಾಮಾನು ಬಂದಿಲ್ಲ, ದುಡ್ಡು ವಾಪಸ್ ಕೊಡಿ' ಅಂತ ಎರಡೇ ಸಾಲು ಸಾಕು. ಅವರು ಉತ್ತರ ಕೊಡಲಿ ಬಿಡಲಿ, ಕೇಳಿದ್ದೀರಿ ಅನ್ನೋದಕ್ಕೆ ದಾಖಲೆ ಬೇಕು.

## ದುಡ್ಡು ಕಟ್ಟಿದ ದಾರಿ ಯಾವುದು?

ಕಾರ್ಡ್‌ನಲ್ಲಿ ಕಟ್ಟಿದ್ದೆ. ಅಂಗಡಿ ಮುಳುಗಿದರೆ ಬ್ಯಾಂಕ್‌ನವರು ಯಾಕೆ ದುಡ್ಡು ಕೊಡ್ತಾರೆ?

ಇಡೀ ವಿಷಯದಲ್ಲಿ ಜನ ಅರ್ಥ ಮಾಡಿಕೊಳ್ಳಲೇಬೇಕಾದ ಒಂದು ಸಂಗತಿ ಇದ್ದರೆ ಅದು ಇದೇ. ನೀವು ಕಾರ್ಡ್ ಉಜ್ಜಿದಾಗ ದುಡ್ಡು ನೇರ ಅಂಗಡಿಯ ಕೈಗೆ ಹೋಗುವುದಿಲ್ಲ. ನಿಮ್ಮ ಬ್ಯಾಂಕ್ ಒಂದು ತುದಿ, ಅಂಗಡಿಯ ಪರವಾಗಿ ಕಾರ್ಡ್ ದುಡ್ಡು ತೆಗೆದುಕೊಳ್ಳುವ ಇನ್ನೊಂದು ಬ್ಯಾಂಕ್ ಮತ್ತೊಂದು ತುದಿ, ಮಧ್ಯೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಥರದ ಜಾಲ. ಆ ಜಾಲದ ನಿಯಮದ ಪ್ರಕಾರ, ಸಾಮಾನು ತಲುಪದಿದ್ದರೆ ನಿಮ್ಮ ಬ್ಯಾಂಕ್ ಆ ದುಡ್ಡನ್ನು ಅಂಗಡಿಯ ಬ್ಯಾಂಕಿನಿಂದ ಹಿಂದಕ್ಕೆ ಎಳೆದುಕೊಳ್ಳಬಹುದು. ಇದಕ್ಕೇ ಚಾರ್ಜ್‌ಬ್ಯಾಕ್ ಅನ್ನೋದು. ಅಂಗಡಿಯ ಬ್ಯಾಂಕ್ ಆಮೇಲೆ ಅಂಗಡಿಯಿಂದ ವಸೂಲಿ ಮಾಡಿಕೊಳ್ಳಬೇಕು. ಅಂಗಡಿಯೇ ಇಲ್ಲದಿದ್ದರೆ ನಷ್ಟ ಆ ಬ್ಯಾಂಕಿನದ್ದು. ಅಂದರೆ ದಿವಾಳಿಯ ಸಾಲಿನಲ್ಲಿ ನಿಮ್ಮ ಬದಲಿಗೆ ಅದು ಹೋಗಿ ನಿಲ್ಲುತ್ತದೆ.

ಹಾಗಾಗಿ ಇದು ಬ್ಯಾಂಕ್ ಮಾಡುವ ಉಪಕಾರ ಅಲ್ಲ, ಕೇಳಲು ಸಂಕೋಚ ಬೇಡ. ಡೆಬಿಟ್ ಕಾರ್ಡ್‌ಗೂ ಇದು ಅನ್ವಯಿಸುತ್ತದೆ. ಕ್ರೆಡಿಟ್ ಕಾರ್ಡ್‌ಗೆ ಮಾತ್ರ ಅಂತ ತುಂಬಾ ಜನ ತಿಳಿದುಕೊಂಡು ಸುಮ್ನೆ ಬಿಟ್ಟುಬಿಡುತ್ತಾರೆ.

ಚಾರ್ಜ್‌ಬ್ಯಾಕ್ ಕೇಳೋಕೆ ಎಷ್ಟು ದಿನ ಟೈಮ್ ಇದೆ?

ವೀಸಾ ನಿಯಮದಲ್ಲಿ ಸಾಮಾನ್ಯವಾಗಿ 120 ದಿನ. ಲೆಕ್ಕ ಶುರುವಾಗುವುದು ದುಡ್ಡು ಕಟ್ಟಿದ ದಿನದಿಂದ ಅಲ್ಲ, ಸಾಮಾನು ಬರಬೇಕಿದ್ದ ದಿನದಿಂದ, ಅಥವಾ ಇನ್ನು ಬರಲ್ಲ ಅಂತ ನಿಮಗೆ ಗೊತ್ತಾದ ದಿನದಿಂದ. ಆದರೆ ದುಡ್ಡು ಕಟ್ಟಿ 540 ದಿನ ದಾಟಿದ್ದರೆ ಬಾಗಿಲು ಮುಚ್ಚಿತು. ಬ್ಯಾಂಕುಗಳು ಜಾಲಕ್ಕೆ ಕಳಿಸುವ ಮುಂಚೆ ತಮ್ಮ ಕೆಲಸಕ್ಕೂ ಕೆಲವು ದಿನ ತೆಗೆದುಕೊಳ್ಳುತ್ತವೆ, ಹಾಗಾಗಿ 119ನೇ ದಿನ ಹೋಗಿ ನಿಂತರೆ ಕಷ್ಟ. ಅಮೆರಿಕದಲ್ಲಿ ಇದರ ಜೊತೆಗೆ 1974ರ ಒಂದು ಕಾನೂನೂ ಇದೆ, ಅದರಡಿ ತಪ್ಪು ಇರುವ ಮೊದಲ ಕ್ರೆಡಿಟ್ ಕಾರ್ಡ್ ಬಿಲ್ಲು ಕಳಿಸಿದ ಮೇಲೆ 60 ದಿನದೊಳಗೆ ಬರೆದು ತಿಳಿಸಬೇಕು. ಕಟ್ಟಿದ ಸಾಮಾನು ಬರದಿರುವುದನ್ನೂ ಅದು ತಪ್ಪು ಅಂತಲೇ ಎಣಿಸುತ್ತದೆ.

ಕಸ್ಟಮರ್ ಕೇರ್‌ನವರು 'ಅಂಗಡಿಯವರನ್ನೇ ಕೇಳಿ' ಅಂತ ಫೋನ್ ಇಟ್ಟುಬಿಟ್ಟರು. ಮುಂದೆ?

ನನಗೂ ಮೊದಲ ಸಲ ಹೀಗೇ ಆಯ್ತು. 'ದುಡ್ಡು ವಾಪಸ್ ಬೇಕು' ಅಂತ ಹೇಳಿದ್ದೆ, ಅದನ್ನು ಅವರು ಸಾಮಾನ್ಯ ರೀಫಂಡ್ ಅಂದುಕೊಂಡರು. ಎರಡನೇ ಸಲ ಬರೆದು ಕೊಟ್ಟೆ: 'ಈ ವ್ಯವಹಾರದ ಮೇಲೆ ಚಾರ್ಜ್‌ಬ್ಯಾಕ್ ಬೇಕು. ಕಾರಣ, ಸಾಮಾನು ತಲುಪಿಲ್ಲ. ಅಂಗಡಿ ದಿವಾಳಿ ಪ್ರಕ್ರಿಯೆಯಲ್ಲಿದೆ. ತಲುಪಬೇಕಿದ್ದ ದಿನಾಂಕ ಇದು.' ಜೊತೆಗೆ ದಿವಾಳಿ ಪ್ರಕಟಣೆಯ ಪ್ರತಿ. ಆಗ ಕೆಲಸ ಸರಿಯಾದ ಮೇಜಿಗೆ ಹೋಯ್ತು. ವೀಸಾದಲ್ಲಿ ಈ ಕಾರಣಕ್ಕೆ 13.1 ಅನ್ನೋ ಸಂಖ್ಯೆಯೇ ಇದೆ, ಬೇಕಿದ್ದರೆ ಅದನ್ನೂ ಬರೆಯಿರಿ. ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಮತ್ತೂ ನಿರಾಕರಿಸಿದರೆ ಬ್ಯಾಂಕಿನ ಒಳಗಿನ ದೂರು ವಿಭಾಗ, ಅಲ್ಲಿಂದ ಬ್ಯಾಂಕಿಂಗ್ ಓಂಬುಡ್ಸ್‌ಮನ್ ಥರದ ಸಂಸ್ಥೆ ಇದ್ದರೆ ಅಲ್ಲಿಗೆ.

ಕ್ರೆಡಿಟ್ ಕಾರ್ಡ್ ಆದರೆ ಬ್ಯಾಂಕೇ ಹೊಣೆ ಅಂತಾರೆ, ನಿಜವಾ?

ಎಲ್ಲ ಕಡೆ ಅಲ್ಲ. ಬ್ರಿಟನ್ನಿನಲ್ಲಿ ನಿಜ. 1974ರ ಕನ್ಸ್ಯೂಮರ್ ಕ್ರೆಡಿಟ್ ಕಾಯ್ದೆಯ 75ನೇ ಕಲಂ ಪ್ರಕಾರ ಸಾಮಾನಿನ ಬೆಲೆ 100 ಪೌಂಡ್‌ಗಿಂತ ಜಾಸ್ತಿ, 30,000 ಪೌಂಡ್ ಮೀರದಂತೆ ಇದ್ದರೆ, ಅಂಗಡಿಯಷ್ಟೇ ಹೊಣೆ ಕಾರ್ಡ್ ಕೊಟ್ಟ ಸಂಸ್ಥೆಗೂ ಇದೆ. ಬರೀ ಮುಂಗಡವನ್ನು ಕಾರ್ಡ್‌ನಲ್ಲಿ ಕಟ್ಟಿ, ಉಳಿದದ್ದನ್ನು ಬೇರೆ ರೀತಿ ಕಟ್ಟಿದ್ದರೂ ಪೂರ್ತಿ ಬೆಲೆಗೆ ಹೊಣೆ ಬರುತ್ತದೆ. ಚಾರ್ಜ್‌ಬ್ಯಾಕ್‌ನಲ್ಲಿ ಹಾಗಲ್ಲ, ಕಾರ್ಡ್‌ನಲ್ಲಿ ಹೋದಷ್ಟೇ ವಾಪಸ್. ಕಾರ್ಡಿಗೂ ಅಂಗಡಿಗೂ ಮಧ್ಯೆ ಇನ್ನೊಂದು ಪಾವತಿ ಕಂಪನಿ ಬಂದಿದ್ದರೆ ಈ ಹಕ್ಕಿನ ಕೊಂಡಿ ಕಳಚುವ ಸಾಧ್ಯತೆ ಇದೆ, ಅದನ್ನು ನೋಡಿಕೊಳ್ಳಿ.

ನಾನು ನೇರ ಬ್ಯಾಂಕ್ ಟ್ರಾನ್ಸ್‌ಫರ್ ಮಾಡಿದ್ದೆ. ಏನಾದರೂ ದಾರಿ ಇದೆಯಾ?

ನನ್ನ ಇನ್ನರ್ಧ ದುಡ್ಡು ಹೋದದ್ದು ಇಲ್ಲೇ. ಮುಂಗಡ ಕಾರ್ಡ್‌ನಲ್ಲಿ ಕಟ್ಟಿದ್ದೆ, ಬಾಕಿಯನ್ನು ಖಾತೆಗೆ ಹಾಕಿದ್ದೆ. ಕಾರ್ಡ್‌ನದ್ದು ಬಂತು, ಖಾತೆಯದ್ದು ಬರಲಿಲ್ಲ. ಒಂದೇ ಮಂಚ, ಒಂದೇ ಅಂಗಡಿ, ಒಂದೇ ಬಿಲ್ಲು.

ಟ್ರಾನ್ಸ್‌ಫರ್‌ನಲ್ಲಿ ದುಡ್ಡು ನಿಮ್ಮ ಅನುಮತಿಯಿಂದಲೇ ನೇರ ಅವರ ಖಾತೆಗೆ ಬಿದ್ದಿರುತ್ತದೆ, ಹಿಂದಕ್ಕೆ ಎಳೆಯುವ ಹಗ್ಗ ಇಲ್ಲ. ಅಂಗಡಿ ನಿಜವಾದದ್ದೇ ಆಗಿ ಆಮೇಲೆ ಮುಳುಗಿದ್ದರೆ ಬ್ಯಾಂಕುಗಳು ಅದನ್ನು ವಂಚನೆ ಅಂತಲೂ ಒಪ್ಪುವುದಿಲ್ಲ. ನಗದು ಕೊಟ್ಟವರದ್ದೂ ಇದೇ ಕಥೆ. ಉಳಿಯುವುದು ದಿವಾಳಿ ಪ್ರಕ್ರಿಯೆಯಲ್ಲಿ ಕ್ಲೇಮ್ ಹಾಕುವ, ಅಂದರೆ ನನಗೆ ಇಷ್ಟು ಬರಬೇಕು ಅಂತ ಬರೆದುಕೊಡುವ ದಾರಿ ಒಂದೇ. ಅದರ ಬಗ್ಗೆ ಕೆಳಗೆ ಇದೆ.

ಕಂತಿನಲ್ಲಿ ತಗೊಂಡಿದ್ದೆ. ಸಾಮಾನೇ ಬಂದಿಲ್ಲ ಅಂದಮೇಲೆ ಕಂತು ಯಾಕೆ ಕಟ್ಟಬೇಕು?

ಸಿಟ್ಟು ಸರಿಯೇ, ಆದರೆ ಏಕಾಏಕಿ ನಿಲ್ಲಿಸಬೇಡಿ. ಸಾಲ ಕೊಟ್ಟದ್ದು ಅಂಗಡಿ ಅಲ್ಲ, ಬೇರೆ ಕಂಪನಿ. ನಿಮ್ಮ ಅವರ ಒಪ್ಪಂದ ಇನ್ನೂ ಜೀವಂತ. ಕಂತು ತಪ್ಪಿದರೆ ದಂಡ ಬೀಳುತ್ತದೆ, ಕ್ರೆಡಿಟ್ ಸ್ಕೋರ್ ಕೆಡುತ್ತದೆ. ಮೊದಲು ಅವರಿಗೇ ಬರೆದು, ಸಾಮಾನು ಬಂದಿಲ್ಲ, ಸಾಲ ರದ್ದು ಮಾಡಿ ಅಂತ ಕೇಳಿ. ಅಂಗಡಿಯೇ ಗೊತ್ತುಮಾಡಿಕೊಟ್ಟ ಸಾಲವಾದರೆ ಹಲವು ದೇಶಗಳಲ್ಲಿ ಸಾಲ ಕೊಟ್ಟವರ ಮೇಲೂ ಹೊಣೆ ಇದೆ.

ಗಿಫ್ಟ್ ಕಾರ್ಡ್ ಇದೆ. ಈಗ ಓಡಿಹೋಗಿ ಖರ್ಚು ಮಾಡಿಬಿಡ್ಲಾ?

ಹೌದು, ಇವತ್ತೇ. 2023ರ ಏಪ್ರಿಲ್ 23ರಂದು ಅಮೆರಿಕದ ಬೆಡ್ ಬಾತ್ ಅಂಡ್ ಬಿಯಾಂಡ್ ದಿವಾಳಿ ಅರ್ಜಿ ಹಾಕಿತು. ರಿಯಾಯಿತಿ ಕೂಪನ್‌ಗಳನ್ನು 26ರಿಂದಲೇ ನಿಲ್ಲಿಸಿತು, ಗಿಫ್ಟ್ ಕಾರ್ಡ್‌ಗಳಿಗೆ ಮೇ 8ರವರೆಗೆ ಮಾತ್ರ ಅವಕಾಶ ಕೊಟ್ಟಿತು. ಎರಡು ವಾರ ಅಷ್ಟೇ. ಅಂಗಡಿಯಲ್ಲಿ ಕೈಯಿಂದ ಎತ್ತಿಕೊಂಡು ಬರುವಂಥದ್ದನ್ನೇ ಕೊಳ್ಳಿ, ಮನೆಗೆ ಕಳಿಸ್ತೀವಿ ಅನ್ನೋದು ಬೇಡ. ಕಾರ್ಡನ್ನು ಬೇರೆ ಅಂಗಡಿಯಲ್ಲಿ ಕೊಂಡಿದ್ದರೆ ಅಲ್ಲೂ ಒಮ್ಮೆ ಕೇಳಿ.

## ಸ್ವಲ್ಪ ಸಿಕ್ಕಿನ ಪ್ರಶ್ನೆಗಳು

ನನ್ನ ಸಾಮಾನು ಗೋದಾಮಿನಲ್ಲೇ ಇದೆಯಂತೆ. ದುಡ್ಡು ಪೂರ್ತಿ ಕಟ್ಟಿದ್ದೀನಿ, ಹೋಗಿ ತರಬಹುದಲ್ವಾ?

ಅದು ನಿಮ್ಮದು ಅಂತ ಯಾವಾಗ ಆಗುತ್ತದೆ ಅನ್ನೋದೇ ಇಲ್ಲಿ ಪ್ರಶ್ನೆ. ದುಡ್ಡು ಕಟ್ಟಿದ ಮಾತ್ರಕ್ಕೆ ಸಾಮಾನು ನಿಮ್ಮದಾಗುವುದಿಲ್ಲ. ಒಂದೇ ಥರದ ನೂರು ಮಂಚಗಳ ರಾಶಿಯಲ್ಲಿ ಇಂಥದ್ದೇ ನಿಮ್ಮದು ಅಂತ ಬೇರೆ ಎತ್ತಿಟ್ಟು, ನಿಮ್ಮ ಹೆಸರಿಗೆ ಗುರುತು ಮಾಡಿರಬೇಕು. ನಿಮ್ಮ ಅಳತೆಗೇ ಮಾಡಿಸಿ, ಮುಗಿಸಿ, ನಿಮ್ಮ ಹೆಸರಿನ ಚೀಟಿ ಅಂಟಿಸಿಟ್ಟಿದ್ದರೆ ನಿಮ್ಮ ಮಾತಿಗೆ ಬಲ ಜಾಸ್ತಿ.

ನ್ಯೂಜಿಲೆಂಡಿನ ಗೋಲ್ಡ್‌ಕಾರ್ಪ್ ಪ್ರಕರಣ ಓದಿದಾಗ ನನಗೆ ಇದು ಮನಸ್ಸಿಗೆ ಇಳಿಯಿತು. ಜನ ಆ ಕಂಪನಿಯಿಂದ ಚಿನ್ನ ಕೊಂಡು ಅಲ್ಲೇ ಬಿಟ್ಟಿದ್ದರು. ಕೊಂಡದ್ದಕ್ಕೆ ಪ್ರಮಾಣಪತ್ರವೂ ಅವರ ಕೈಯಲ್ಲಿತ್ತು. 1988ರಲ್ಲಿ ಕಂಪನಿ ಮುಳುಗಿತು. ನೋಡಿದರೆ ಅಷ್ಟು ಚಿನ್ನ ಅಲ್ಲಿ ಇರಲೇ ಇಲ್ಲ, ಇದ್ದದ್ದರಲ್ಲೂ ಯಾರ ಪಾಲು ಯಾವುದು ಅಂತ ಬೇರೆ ಮಾಡಿರಲಿಲ್ಲ. 1994ರಲ್ಲಿ ಪ್ರಿವಿ ಕೌನ್ಸಿಲ್ (ಆಗ ನ್ಯೂಜಿಲೆಂಡಿನ ಮೇಲ್ಮನವಿಗಳಿಗೆ ಕೊನೆಯ ಕೋರ್ಟಾಗಿದ್ದ ಲಂಡನ್ನಿನ ಸಂಸ್ಥೆ), ಬೇರೆ ಎತ್ತಿಡದ ಚಿನ್ನದ ಮೇಲೆ ಕೊಂಡವರಿಗೆ ಒಡೆತನ ಇಲ್ಲ ಅಂತ ಹೇಳಿತು. ಸಾಲ ಕೊಟ್ಟ ಬ್ಯಾಂಕ್ ಅವರಿಗಿಂತ ಮುಂದೆ ನಿಂತಿತು.

ನೀವೇ ಹೋಗಿ ಎತ್ತಿಕೊಂಡು ಬರಬೇಡಿ, ಅದರಿಂದ ನಿಮಗೇ ತೊಂದರೆ. ದಿವಾಳಿ ಅಧಿಕಾರಿಗೆ, ಅಂದರೆ ಮುಳುಗಿದ ಕಂಪನಿಯ ಲೆಕ್ಕ ನೋಡಿಕೊಳ್ಳಲು ನೇಮಕವಾದವರಿಗೆ ಬರೆಯಿರಿ, ಆರ್ಡರ್ ಸಂಖ್ಯೆ, ಗೋದಾಮಿನಿಂದ ಬಂದ ಮೆಸೇಜು, ಚೀಟಿಯ ಫೋಟೋ ಇದ್ದರೆ ಅದು, ಎಲ್ಲ ಸೇರಿಸಿ. ಸಾಮಾನು ಮಾರಾಟವಾಗುವ ಮುಂಚೆ ಬರೆಯಬೇಕು.

ರಿಪೇರಿಗೆ ಅಂತ ಕೊಟ್ಟಿದ್ದೆ. ಅದೂ ಹೋಯ್ತಾ?

ಇಲ್ಲ. ಅದು ಮೊದಲಿಂದಲೂ ನಿಮ್ಮದೇ, ಅಂಗಡಿಯ ಆಸ್ತಿ ಅಲ್ಲ. ರಶೀದಿ ತೋರಿಸಿ, ರಿಪೇರಿ ಖರ್ಚು ಬಾಕಿ ಇದ್ದರೆ ಕಟ್ಟಿ, ವಾಪಸ್ ಪಡೆಯಬಹುದು.

ಅದೇ ಹೆಸರಿನ ವೆಬ್‌ಸೈಟ್ ಮತ್ತೆ ಶುರುವಾಗಿದೆ. ಅವರೇ ನನ್ನ ಆರ್ಡರ್ ಕೊಡಬೇಕಲ್ವಾ?

ಹೆಸರು ಅದೇ, ಕಂಪನಿ ಬೇರೆ. 2022ರ ನವೆಂಬರ್‌ನಲ್ಲಿ ಬ್ರಿಟನ್ನಿನ ಪೀಠೋಪಕರಣ ಮಾರುವ ಮೇಡ್ ಡಾಟ್ ಕಾಮ್ ಮುಳುಗಿದಾಗ ನೆಕ್ಸ್ಟ್ ಅನ್ನೋ ಕಂಪನಿ ಅದರ ಹೆಸರು, ವೆಬ್‌ಸೈಟು, ವಿನ್ಯಾಸದ ಹಕ್ಕುಗಳನ್ನು ಕೊಂಡಿತು. ಗಿರಾಕಿಗಳಿಗೆ ಕೊಡಬೇಕಿದ್ದ ಬಾಕಿಯನ್ನು ಕೊಳ್ಳಲಿಲ್ಲ. ತಯಾರಕರ ಬಳಿಯೇ ಉಳಿದಿದ್ದ ಸಾಮಾನಿಗೆ ಕಾಯುತ್ತಿದ್ದವರ ಆರ್ಡರ್‌ಗಳು ಅಲ್ಲಿಗೇ ನಿಂತವು. ಕೆಲವು ಹೊಸ ಮಾಲೀಕರು ಒಳ್ಳೆ ಹೆಸರು ಉಳಿಸಿಕೊಳ್ಳಲು ಹಳೇ ಗಿರಾಕಿಗಳಿಗೆ ರಿಯಾಯಿತಿ ಕೊಡುವುದುಂಟು, ಅದು ಅವರ ಮನಸ್ಸು.

ದೊಡ್ಡ ಆನ್‌ಲೈನ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಕೊಂಡದ್ದು. ಮುಳುಗಿದ್ದು ಯಾರು ಅಂತ ಹೇಗೆ ಗೊತ್ತಾಗುತ್ತೆ?

ಬಿಲ್ಲಿನಲ್ಲಿ 'ಮಾರಿದವರು' ಅಂತ ಯಾರ ಹೆಸರಿದೆ ನೋಡಿ. ಮುಳುಗಿದ್ದು ಆ ಮಾರಾಟಗಾರ, ವೇದಿಕೆ ಗಟ್ಟಿಯಾಗಿದೆ ಅಂದರೆ ವೇದಿಕೆಯ ಗ್ಯಾರಂಟಿ ಯೋಜನೆಯಲ್ಲಿ ದುಡ್ಡು ಸುಲಭವಾಗಿ ಬರುತ್ತದೆ. ವೇದಿಕೆಯೇ ಮುಳುಗಿದ್ದರೆ ಮಾರಾಟಗಾರರನ್ನು ನೇರ ಸಂಪರ್ಕಿಸಿ. ಅವರಿಗೂ ವೇದಿಕೆಯಿಂದ ದುಡ್ಡು ಬಂದಿರಲಿಕ್ಕಿಲ್ಲ ಅನ್ನೋದು ನೆನಪಿರಲಿ.

ಗ್ರಾಹಕ ನ್ಯಾಯಾಲಯಕ್ಕೆ ಹೋಗ್ತೀನಿ. ಬಿಡಲ್ಲ!

ದಿವಾಳಿ ಪ್ರಕ್ರಿಯೆ ಶುರುವಾದ ಮೇಲೆ ಬಹುತೇಕ ದೇಶಗಳಲ್ಲಿ ಕಂಪನಿಯ ಮೇಲಿನ ದಾವೆಗಳೆಲ್ಲ ನಿಲ್ಲುತ್ತವೆ. ಭಾರತದಲ್ಲಿ ಸಂಹಿತೆಯ 14ನೇ ಕಲಂ, ಅಮೆರಿಕದಲ್ಲಿ 362ನೇ ಕಲಂ ಈ ತಡೆ ಹಾಕುತ್ತವೆ. ಯಾರು ಮೊದಲು ಕೋರ್ಟಿಗೆ ಓಡಿದರೋ ಅವರೇ ಎಲ್ಲ ಬಾಚಿಕೊಳ್ಳಬಾರದು ಅನ್ನೋದು ಉದ್ದೇಶ. ನಿಮ್ಮ ಕಾರ್ಡ್ ವಿವಾದ ಇರುವುದು ನಿಮ್ಮ ಬ್ಯಾಂಕಿನ ಜೊತೆ, ಅದನ್ನು ನಡೆಸಿಕೊಂಡು ಹೋಗಿ.

ಕ್ಲೇಮ್ ಫಾರ್ಮ್ ಬಂದಿದೆ. ತುಂಬೋದು ಸುಮ್ನೆ ಟೈಮ್ ವೇಸ್ಟ್ ಅಲ್ವಾ?

ಅರ್ಧ ಗಂಟೆಯ ಕೆಲಸ, ತುಂಬಿ. ಬರುವುದು ಸ್ವಲ್ಪವೇ ಇರಬಹುದು, ಏನೂ ಬರದೇ ಇರಬಹುದು, ಬಂದರೂ ವರ್ಷಗಳು ಹಿಡಿಯಬಹುದು. ಆದರೆ ಫಾರ್ಮ್ ಕೊಡದವರಿಗೆ ಸೊನ್ನೆ ಖಚಿತ. ಹಾಕಲು ಶುಲ್ಕ ಇರುವುದಿಲ್ಲ, ವಕೀಲರೂ ಬೇಕಿಲ್ಲ. ಗಡುವು ಮಾತ್ರ ಕಟ್ಟುನಿಟ್ಟು. ಬ್ಯಾಂಕಿನಿಂದ ದುಡ್ಡು ಆಗಲೇ ಬಂದಿದ್ದರೆ ಅದನ್ನು ಕಳೆದು ಉಳಿದದ್ದನ್ನಷ್ಟೇ ಬರೆಯಿರಿ, ಎರಡು ಕಡೆ ತೆಗೆದುಕೊಳ್ಳುವ ಹಾಗಿಲ್ಲ. ಆದ್ಯತೆಯ ಕ್ಲೇಮ್ ಅಂತ ಒಂದು ಚೌಕ ಇದ್ದರೆ ಓದಿ ನೋಡಿ. ಅಮೆರಿಕದಲ್ಲಿ ಮೇಲೆ ಹೇಳಿದ ಮುಂಗಡದ ಆದ್ಯತೆಗೆ ಆ ಚೌಕದಲ್ಲೇ ಗುರುತು ಹಾಕಬೇಕು.

ಗಿರಾಕಿಗಳ ಮುಂಗಡವನ್ನ ಬೇರೆ ಖಾತೆಯಲ್ಲಿ ಇಡಬೇಕು ಅಂತ ಕಾನೂನಿಲ್ವಾ?

ಹೆಚ್ಚಿನ ಚಿಲ್ಲರೆ ವ್ಯಾಪಾರಕ್ಕೆ ಇಲ್ಲ. ಇರಬೇಕಿತ್ತು ಅಂತ ನಾನು ಬಲವಾಗಿ ನಂಬುತ್ತೇನೆ. ಹಾಗೆ ಇಟ್ಟರೆ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನೋದಕ್ಕೆ ಎರಡು ಉದಾಹರಣೆ ಸಾಕು.

1972ರಲ್ಲಿ ಇಂಗ್ಲೆಂಡಿನ ಕೇಫರ್ಡ್ ಅನ್ನೋ ಕಂಪನಿ ಅಂಚೆ ಮೂಲಕ ಸಾಮಾನು ಮಾರುತ್ತಿತ್ತು. ಸಾಮಾನು ಪೂರೈಸುವವರು ಕಷ್ಟಕ್ಕೆ ಸಿಕ್ಕಿದಾಗ, ನಾವೂ ಮುಳುಗಬಹುದು ಅಂತ ಇವರಿಗೆ ಅನ್ನಿಸಿತು. ಲೆಕ್ಕಿಗರ ಸಲಹೆ ಕೇಳಿ, ಬಳಸದೆ ಬಿಟ್ಟಿದ್ದ ಒಂದು ಖಾತೆಗೆ ಗಿರಾಕಿಗಳಿಂದ ಬಂದ ದುಡ್ಡನ್ನು ಹಾಕತೊಡಗಿದರು. ಕೆಲವೇ ದಿನದಲ್ಲಿ ಕಂಪನಿ ಮುಚ್ಚಿತು. ಆ ಖಾತೆಯ ದುಡ್ಡು ಗಿರಾಕಿಗಳದ್ದೇ, ಕಂಪನಿಯದ್ದಲ್ಲ ಅಂತ ಕೋರ್ಟ್ ಹೇಳಿತು.

ಇನ್ನೊಂದು ಉದಾಹರಣೆ ಬ್ರಿಟನ್ನಿನ ಫೇರ್‌ಪ್ಯಾಕ್ ಕಂಪನಿಯದ್ದು. ಕ್ರಿಸ್‌ಮಸ್‌ಗೆ ಅಂತ ಜನ ವರ್ಷವಿಡೀ ಚೂರುಚೂರು ದುಡ್ಡು ಕಟ್ಟುವ ಉಳಿತಾಯ ಯೋಜನೆ. 2006ರ ಅಕ್ಟೋಬರ್‌ನಲ್ಲಿ, ಹಬ್ಬಕ್ಕೆ ಎರಡು ತಿಂಗಳಿರುವಾಗ ಮುಳುಗಿತು. ಒಂದು ಲಕ್ಷಕ್ಕೂ ಹೆಚ್ಚು ಕುಟುಂಬಗಳ ದುಡ್ಡು ಅದರಲ್ಲಿತ್ತು, ಹೆಚ್ಚಿನವರು ಕಮ್ಮಿ ಆದಾಯದವರು. ದುಡ್ಡು ಬೇರೆ ಖಾತೆಯಲ್ಲಿ ಇರಲಿಲ್ಲ, ಮಾತೃ ಕಂಪನಿಯ ಕಡೆಗೆ ಹರಿದುಹೋಗಿತ್ತು. ಕೊನೇ ದಿನಗಳಲ್ಲಿ ಬೇರೆ ಇಡಲು ನೋಡಿದರೂ ಅಷ್ಟೊತ್ತಿಗೆ ತಡವಾಗಿತ್ತು. 2012ರಲ್ಲಿ ಅದರ ಬ್ಯಾಂಕು 80 ಲಕ್ಷ ಪೌಂಡ್ ಸೇರಿಸಿದ ಮೇಲೂ ಜನರಿಗೆ ಸಿಕ್ಕಿದ್ದು ಸುಮಾರು ಅರ್ಧ. ಕಂತು ಕಂತಾಗಿ ಕೂಡಿಟ್ಟ ದುಡ್ಡು ಅದು. ಓದಿದರೆ ಹೊಟ್ಟೆ ಉರಿಯುತ್ತದೆ.

ಮುಳುಗ್ತೀವಿ ಅಂತ ಗೊತ್ತಿದ್ದೂ ಆರ್ಡರ್ ತಗೊಂಡಿದ್ದಾರೆ. ಮಾಲೀಕರನ್ನ ಹಿಡಿಯೋಕಾಗಲ್ವಾ?

ಕಂಪನಿಯ ಸಾಲ ಕಂಪನಿಯದ್ದು, ನಿರ್ದೇಶಕರ ಮನೆ ಮುಟ್ಟುವ ಹಾಗಿಲ್ಲ ಅನ್ನೋದು ಸಾಮಾನ್ಯ ನಿಯಮ. ಉಳಿಯುವ ದಾರಿಯೇ ಇಲ್ಲ ಅಂತ ಗೊತ್ತಿದ್ದೂ ವ್ಯಾಪಾರ ಮುಂದುವರಿಸಿ ಸಾಲ ಹೆಚ್ಚಿಸಿದರೆ ಮಾತ್ರ ಬೇರೆ. ಬ್ರಿಟನ್ನಿನ 1986ರ ದಿವಾಳಿ ಕಾಯ್ದೆಯ 214ನೇ ಕಲಂ, ಭಾರತದ ಸಂಹಿತೆಯ 66ನೇ ಕಲಂ ಅಂಥವರಿಂದ ವಸೂಲಿಗೆ ಅವಕಾಶ ಕೊಡುತ್ತವೆ. ಕೋರ್ಟಿಗೆ ಹೋಗಬೇಕಾದವರು ದಿವಾಳಿ ಅಧಿಕಾರಿ. ನೀವು ಮಾಡಬಹುದಾದ್ದು ಅವರಿಗೆ ಸಾಕ್ಷಿ ಕೊಡುವುದು. ಮುಚ್ಚುವ ಹಿಂದಿನ ದಿನ ಬಂದ 'ಇವತ್ತೇ ಪೂರ್ತಿ ಕಟ್ಟಿ' ಅನ್ನೋ ಮೇಲ್ ಇದ್ದರೆ ಅದು ಅವರಿಗೆ ಬೇಕು.

ದುಡ್ಡು ವಾಪಸ್ ಕೊಡಿಸ್ತೀವಿ ಅಂತ ಯಾರೋ ಕರೆ ಮಾಡ್ತಿದ್ದಾರೆ. ನನ್ನ ಆರ್ಡರ್ ಸಂಖ್ಯೆಯೂ ಅವರಿಗೆ ಗೊತ್ತು.

ಒಂದು ಪೈಸೆ ಕೊಡಬೇಡಿ, ಒಟಿಪಿ ಹೇಳಬೇಡಿ. ಗಿರಾಕಿಗಳ ಪಟ್ಟಿ ಹೇಗೋ ಸೋರಿರುತ್ತದೆ, ಆರ್ಡರ್ ಸಂಖ್ಯೆ ಗೊತ್ತಿರುವುದು ನಂಬಿಕೆಗೆ ಆಧಾರ ಅಲ್ಲ. ನಿಜವಾದ ದಿವಾಳಿ ಅಧಿಕಾರಿ ದುಡ್ಡು ಬಿಡುಗಡೆಗೆ ಮೊದಲು ಶುಲ್ಕ ಕೇಳುವುದಿಲ್ಲ. ಸಾರ್ವಜನಿಕ ಪ್ರಕಟಣೆಯಲ್ಲಿ ಅಧಿಕಾರಿಯ ಹೆಸರು, ವಿಳಾಸ ಇರುತ್ತದೆ. ನೀವೇ ಅದನ್ನು ಹುಡುಕಿ ಸಂಪರ್ಕಿಸಿ.

ಮುಂಚೆಯೇ ಗೊತ್ತಾಗೋ ಲಕ್ಷಣ ಏನಾದರೂ ಇರುತ್ತಾ?

ಇರುತ್ತದೆ, ಆದರೆ ಆಗ ಅದು ಲಕ್ಷಣ ಅಂತ ಅನ್ನಿಸುವುದಿಲ್ಲ. ನನ್ನ ಮಂಚದ ದಿನಾಂಕ ಮೂರು ಸಲ ಮುಂದೆ ಹೋಯ್ತು, ಪ್ರತಿ ಸಲ ಕಾರಣ ಬೇರೆ. ಬಾಕಿಯನ್ನು ಸಾಮಾನು ಬಂದಮೇಲೆ ಕೊಟ್ಟರೆ ಸಾಕು ಅಂದಿದ್ದವರು ಈಗಲೇ ಕೊಡಿ ಅಂದರು. ಮತ್ತೆ, ಕಾರ್ಡ್ ಬೇಡ, ಖಾತೆಗೆ ಹಾಕಿದರೆ ಇಷ್ಟು ರಿಯಾಯಿತಿ ಅಂದರು. ನಾನು ಖುಷಿಯಿಂದ ಹಾಕಿದೆ. ಕಾರ್ಡ್ ದುಡ್ಡು ನಿಭಾಯಿಸುವ ಬ್ಯಾಂಕುಗಳಿಗೆ ಅಂಗಡಿಯ ಮೇಲೆ ಅನುಮಾನ ಬಂದರೆ, ಮುಂದೆ ಬರಬಹುದಾದ ಚಾರ್ಜ್‌ಬ್ಯಾಕ್‌ಗೆ ಅಂತ ಅದರ ದುಡ್ಡನ್ನು ತಡೆಹಿಡಿದುಕೊಳ್ಳುತ್ತವೆ ಅನ್ನೋದು ಆಮೇಲೆ ಗೊತ್ತಾಯ್ತು. ಹಾಗೆ ತಡೆಹಿಡಿದಾಗ ಅಂಗಡಿಗೆ ಕೈಗೆ ಸಿಗುವ ದುಡ್ಡು ನೇರ ಖಾತೆಗೆ ಬರುವಂಥದ್ದು ಮಾತ್ರ. ರಿಯಾಯಿತಿ ಕೊಡುವ ಎಲ್ಲ ಅಂಗಡಿಯೂ ಮುಳುಗುತ್ತಿದೆ ಅಂತಲ್ಲ. ದಿನಾಂಕ ಮುಂದೆ ಹೋಗುತ್ತಿರುವಾಗಲೇ ಆ ಮಾತು ಬಂದರೆ, ಸಾಮಾನು ಮನೆ ಬಾಗಿಲಿಗೆ ಬಂದಮೇಲೆ ಬಾಕಿ ಕೊಡ್ತೀನಿ ಅಂತ ಹೇಳಿ ಅವರ ಉತ್ತರ ಏನು ನೋಡಿ. ನಾನು ಕೇಳಿರಲಿಲ್ಲ.